ಟೈಲರ್ ಮಾಮ ಕೇಳಿದ ಔಷಧಿ

ನನ್ನ ಸ್ಕೂಲ್ ಯೂನಿಫಾರಂಗಳನ್ನೆಲ್ಲ ಹೊಲಿದುಕೊಟ್ಟವರು ತಿಪಟೂರಿನ ಟೈಲರ್ ಮಾಮ. ಎರಡು ಸಾವಿರದ ಇಸವಿ ಕಳೆದ ಮೇಲೆ ನಾನು ಬೆಂಗಳೂರಿನ ಪ್ರಯೋಗಾಲಯವೊಂದಕ್ಕೆ ಸೇರುವಷ್ಟರಲ್ಲಿ ಅವರ ದೃಷ್ಟಿ ಕುಂದತೊಡಗಿತ್ತು. ಸಂಜೆಯಾದರೆ ಏನೂ ಕಾಣದು. ಹಗಲಲ್ಲಿ ನೇರ ಎದುರಿಗಿದ್ದದ್ದು ಮಾತ್ರ. ಅವರ ಅಣ್ಣನಿಗೂ ಹೀಗೇ ಆಗಿತ್ತಂತೆ.

ಯುಗಾದಿಗೆ ಊರಿಗೆ ಬಂದವಳು ರವಿಕೆ ಬಟ್ಟೆ ಕೊಡಲು ಹೋದೆ.

"ಅಲ್ಲೇನ್ ಕೆಲ್ಸ ಮಾಡ್ತೀಯಾ ಬೇಟಿ?" ಎಂದರು.

"ವಂಶದಲ್ಲಿ ಬರೋ ಕಣ್ಣಿನ ಕಾಯಿಲೆಗೆ ಔಷಧಿ ಹುಡುಕ್ತಿದೀವಿ ಮಾಮ. ವೈರಸ್ಸಿನ ಒಳಗಿರೋದನ್ನ ತೆಗೆದು, ಸರಿಯಾದ ಜೀನ್ ತುಂಬಿ ಕಣ್ಣೊಳಕ್ಕೆ ಕಳ್ಸೋದು. ಆ ವೈರಸ್ ಶುದ್ಧ ಮಾಡೋದು ನನ್ ಕೆಲ್ಸ."

"ವೈರಸ್ ಅಂದ್ರೆ ರೋಗ ಅಲ್ವೇನೇ?" ಎಂದರು ಅವರ ಹೆಂಡತಿ.

"ಇದ್ರಿಂದ ರೋಗ ಬರಲ್ಲ. ಜೀನನ್ನ ಹೊತ್ಕೊಂಡು ಹೋಗುತ್ತೆ, ಅಷ್ಟೆ."

ಮಾಮ ಕತ್ತರಿ ಕೆಳಗಿಟ್ಟರು. "ಹಂಗಾದ್ರೆ ನನ್ ಕಣ್ಗೇ ಹಾಕ್ಬುಡು. ಏನಾದ್ರೂ ಆದ್ರೆ ನಿನ್ನ ಕೇಳಾಕಿಲ್ಲ."

ನಮ್ಮ ಔಷಧಿ ಇನ್ನೂ ಇಲಿಗಳನ್ನು ದಾಟಿರಲಿಲ್ಲ. ವೈರಸ್ಸನ್ನು ಜೀವಕೋಶಗಳಲ್ಲಿ ಬೆಳೆಸಿ, ಆ ಕೋಶಗಳನ್ನು ಒಡೆದು, ಗಾಢವಾದ ಉಪ್ಪಿನ ದ್ರಾವಣದಲ್ಲಿ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸುತ್ತಿದ್ದೆವು. ಜೀನ್ ತುಂಬಿದ ವೈರಸ್ಸು ಕೆಳಗೆ, ಖಾಲಿ ಚಿಪ್ಪುಗಳು ಮೇಲೆ, ಎರಡು ಮಸುಕು ಬಿಳಿ ಗೆರೆಗಳಾಗಿ ಕೊಳವೆಯಲ್ಲಿ ನಿಲ್ಲುತ್ತಿದ್ದವು. ಕೆಳಗಿನ ಗೆರೆಯನ್ನಷ್ಟೇ ಸಿರಿಂಜಿನಿಂದ ಎಳೆದುಕೊಂಡು ಉಪ್ಪನ್ನು ತೆಗೆಯಬೇಕು. ಎಷ್ಟು ಜೋಪಾನ ಮಾಡಿದರೂ ಒಡೆದ ಕೋಶಗಳ ಚೂರುಪಾರು ಜೊತೆಗೆ ಬಂದುಬಿಡುತ್ತಿತ್ತು. ಹಿಂದಿನ ತಿಂಗಳಷ್ಟೇ ಅಂಥದ್ದನ್ನು ಚುಚ್ಚಿದ ಇಲಿಗಳ ಕಣ್ಣು ಕೆಂಪಗೆ ಊದಿಕೊಂಡಿತ್ತು.

ಅದನ್ನೇ ಹೇಳಿದೆ. "ಅಲ್ದೆ ನಾವು ತುಂಬ್ತಿರೋ ಜೀನೇ ಬೇರೆ. ನಿಮ್ಮನೇಲಿ ಕೆಟ್ಟಿರೋದು ಯಾವ್ದೋ ಗೊತ್ತಿಲ್ಲ ಮಾಮ. ಇರೋ ಚೂರು ದೃಷ್ಟೀನೂ ಹೋದ್ರೆ?"

"ಆಯ್ತು ಬುಡು," ಎಂದು ಮುಖ ತಿರುಗಿಸಿದರು. ಅಳತೆಯನ್ನು ಅವರ ಹೆಂಡತಿಯೇ ತೆಗೆದುಕೊಂಡರು.

ಬೆಂಗಳೂರಿಗೆ ಮರಳಿದ ಮೇಲೆ ನನ್ನ ಕೆಲಸದ ರೀತಿ ಬದಲಾಯಿತು. ಮತ್ತೊಮ್ಮೆ ಶುದ್ಧಮಾಡಿದರೆ ಒಂದಷ್ಟು ವೈರಸ್ಸು ಕೈತಪ್ಪುತ್ತದೆಂದು ಮೊದಲೆಲ್ಲ ಹಿಂಜರಿಯುತ್ತಿದ್ದೆ. ಈಗ ಹೋದರೆ ಹೋಗಲಿ ಎನಿಸುತ್ತಿತ್ತು. ಈ ಕೊಳವೆಯಲ್ಲಿರುವುದನ್ನು ಗುರುತಿನವರೊಬ್ಬರ ಕಣ್ಣಿಗೆ ಹಾಕಬಲ್ಲೆನೇ ಎಂದು ಕೇಳಿಕೊಳ್ಳುತ್ತಿದ್ದೆ. ಇಲ್ಲವೆಂದೇ ಉತ್ತರ ಬರುತ್ತಿತ್ತು.

ಮಳೆಗಾಲ ಕಳೆದ ಮೇಲೆ ಮಾಮನೇ ಫೋನ್ ಮಾಡಿದರು. "ಯಾವ ಜೀನೋ ಗೊತ್ತಿಲ್ಲ ಅಂದ್ಯಲ್ಲ, ಗೊತ್ಮಾಡ್ಕೊಳಕ್ಕೆ ಏನ್ ಮಾಡ್ಬೇಕು?"

"ರಕ್ತ ಕೊಡ್ಬೇಕು ಮಾಮ."

ಮೊಮ್ಮಗಳ ಕೈ ಹಿಡಿದು ಅವರು ರೈಲಿನಲ್ಲಿ ಬಂದರು. ವಂಶದಲ್ಲಿ ಬರುವ ಕಾಯಿಲೆಯಾದ್ದರಿಂದ ಕಣ್ಣಾಸ್ಪತ್ರೆಯಲ್ಲಿ ಇಬ್ಬರ ರಕ್ತವನ್ನೂ ತೆಗೆದರು. ಈ ಕಾಯಿಲೆ ತರುವುದೆಂದು ಆಗ ಗೊತ್ತಿದ್ದ ಜೀನುಗಳಲ್ಲಿ ಯಾವುದೂ ಅವರಲ್ಲಿ ಕೆಟ್ಟಿರಲಿಲ್ಲ. ಅದನ್ನು ಹೇಳಲು ತಿಪಟೂರಿಗೆ ಹೋದಾಗ ಮಾಮನಿಗೆ ಬೆಳಕಿನ ಸುಳಿವಷ್ಟೇ ಉಳಿದಿತ್ತು.

"ಮುಂದೆ ಯಾವತ್ತಾದ್ರೂ ಗೊತ್ತಾದ್ರೆ ನೋಡಕ್ಕೆ, ರಕ್ತ ಅಲ್ಲೇ ಇಟ್ಟಿರ್ತಾರಲ್ವಾ?" ಎಂದರು.

ಇಟ್ಟಿರುತ್ತಾರೆ ಎಂದೆ.