ಸೊಂಟದಿಂದ ಬಿಚ್ಚಿಟ್ಟ ವೈರ್‌ಲೆಸ್

ಗಸ್ತು ಕಾರಿನ ಆ ಚಾಲಕನಿಗೆ ಠಾಣೆಯವರು ಇಟ್ಟಿದ್ದ ಹೆಸರು ಮಗ್ಗುಲಪ್ಪ. ಒಂದು ಕಡೆ ನೆಟ್ಟಗೆ ಕೂರುವ ಪೈಕಿಯೇ ಅಲ್ಲ ಪುಣ್ಯಾತ್ಮ! ಸಿಗ್ನಲ್ ಬಿದ್ದರೆ ಸಾಕು, ಎಡಕ್ಕೊಮ್ಮೆ ವಾಲುತ್ತಿದ್ದ, ಬಲಕ್ಕೊಮ್ಮೆ ವಾಲುತ್ತಿದ್ದ. ಪಾಪ, ಅವನಾದರೂ ಏನು ಮಾಡಿಯಾನು? ಬೆಲ್ಟಿನ ಬಲಕ್ಕೆ ಪಿಸ್ತೂಲು, ಎಡಕ್ಕೆ ವೈರ್‌ಲೆಸ್, ಬೆನ್ನಮೂಳೆಗೆ ಸರಿಯಾಗಿ ಬೇಡಿಯ ಚೀಲ. ಆ ಸೀಟು ಮಾಡಿದ ಮಹಾನುಭಾವ ಪೊಲೀಸರನ್ನು ಕಂಡೇ ಇರಲಿಲ್ಲವೇನೋ.

ಮನೆಯಲ್ಲಿ ಬೆನ್ನಿಗೆ ಮುಲಾಮು ತಿಕ್ಕುತ್ತಾ ಹೆಂಡತಿ ಗೊಣಗುತ್ತಿದ್ದಳು. "ಸಾಹೇಬರಿಗೆ ಹೇಳ್ಬಾರ್ದಾ?"

"ಹೇಳಿದ್ರೆ ಸ್ಟೇರಿಂಗ್ ಕಿತ್ಕೊಂಡು ಫೈಲ್ ಮುಂದೆ ಕೂರಿಸ್ತಾರೆ ಕಣೇ. ಸತ್ತೇ ಹೋಗ್ತೀನಿ."

ಅದೇ ಭಯಕ್ಕೆ ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದ. ಬೆನ್ನುನೋವಿಗೆ ತಾನೇ ಒಂದು ಉಪಾಯವನ್ನೂ ಕಂಡುಕೊಂಡಿದ್ದ. ಕಾರು ಹತ್ತಿದೊಡನೆ ಬೇಡಿ, ವೈರ್‌ಲೆಸ್ ಎರಡನ್ನೂ ಬಿಚ್ಚಿ ಬಾಗಿಲಿನ ಗೂಡಿಗೆ ತುರುಕುವುದು, ಇಳಿಯುವಾಗ ಮತ್ತೆ ಸಿಕ್ಕಿಸಿಕೊಳ್ಳುವುದು. ಕಾರಿಗೆ ಇದ್ದದ್ದು ಅದೊಂದೇ ವೈರ್‌ಲೆಸ್. ಪಕ್ಕದಲ್ಲಿ ಕೂರುತ್ತಿದ್ದ ಮಹಿಳಾ ಪೇದೆಯನ್ನು ಅವನು ತಂಗಿ ಎನ್ನುತ್ತಿದ್ದ. ಅವಳು ಎಚ್ಚರಿಸಿದ್ದಳು ಕೂಡ. "ಅಣ್ಣಾ, ಒಂದಿನ ಮರೀತೀಯ ನೋಡು."

"ನಾನಾ? ಹೋಗಮ್ಮ!"

ಮರೆತ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಇಬ್ಬರು ಹೊಡೆದಾಡುತ್ತಿದ್ದರು. ತಂಗಿ ಜಿಗಿದು ಓಡಿದಳು, ಇವನು ಹಿಂದೆಯೇ ಓಡಿದ. ಒಬ್ಬ ಕಬ್ಬಿಣದ ಸಲಾಕೆ ಬೀಸಿದ, ಅವಳು ಕೆಳಗೆ ಬಿದ್ದಳು. ಗಲ್ಲಿ ತುಂಬ ಜನ, ಪಿಸ್ತೂಲು ಎತ್ತುವಂತಿಲ್ಲ; ನೆರವು ಕರೆಯಲು ಕೈ ಎಡ ಸೊಂಟಕ್ಕೆ ಹೋಯಿತು. ಅಲ್ಲೇನಿದೆ, ಮಣ್ಣು! ಕಾರಿನತ್ತ ತಿರುಗಿ ಓಡಿದ. ವೈರ್‌ಲೆಸ್ ಹಿಡಿದು ವಾಪಸ್ ಬರುವಷ್ಟರಲ್ಲಿ ಎರಡನೇ ಏಟು ಅವಳ ಕೈಗೆ ಬಿದ್ದಾಗಿತ್ತು. ಅಂಗಡಿಯವರೇ ಸಲಾಕೆಯವನನ್ನು ಹಿಡಿದು ನಿಲ್ಲಿಸಿದ್ದರು.

ಆಸ್ಪತ್ರೆಯಲ್ಲಿ ಅವಳ ಕೈಗೆ ಮೊಣಕೈವರೆಗೂ ಪ್ಲಾಸ್ಟರ್. ಅವನು ಸ್ಟೂಲಿನ ಮೇಲೆ ಕೂರಲೂ ಆಗದೆ, ನಿಲ್ಲಲೂ ಆಗದೆ ಚಡಪಡಿಸಿದ.

"ಸಾಹೇಬ್ರು ಕೇಳಿದ್ರು ಅಣ್ಣಾ," ಎಂದಳು. "ವೈರ್‌ಲೆಸ್ ಕೈಕೊಡ್ತು ಅಂದೆ."

"ಯಾಕಮ್ಮ ಸುಳ್ಳು ಹೇಳ್ದೆ?"

"ಸ್ಟೇರಿಂಗ್ ಬಿಟ್ರೆ ನೀನು ಬದುಕಲ್ಲ ಅಂತ ಗೊತ್ತು. ನೋವಿದೆ ಅಂತ ನನಗೊಂದು ಮಾತು ಹೇಳಿದ್ರೆ ದಿನಾ ಅರ್ಧ ದಾರಿ ನಾನೇ ಓಡಿಸ್ತಿದ್ನಲ್ಲ. ಈಗ ಯಾವ ಕೈಲಿ ಓಡಿಸ್ಲಿ?"

ಅವನಿಗೆ ಅಳು ತಡೆಯಲಾಗಲಿಲ್ಲ. ಅಲ್ಲಿಂದ ನೇರ ಠಾಣೆಗೆ ಹೋದ. ಸಾಹೇಬರು ಬಾಯಿ ತೆರೆಯುವ ಮೊದಲೇ ಕಾರಿನ ಕೀಲಿಯನ್ನು ಅವರ ಮೇಜಿನ ಮೇಲಿಟ್ಟು, "ಕೆಟ್ಟಿದ್ದು ವೈರ್‌ಲೆಸ್ ಅಲ್ಲ ಸಾರ್, ನನ್ನ ಬೆನ್ನು" ಎಂದ.