ಬಲಗೋಪುರದ ಮೆಟ್ಟಿಲು

...ಅಥವಾ ಎರಡು ಗೋಪುರಗಳೂ ಒಂದೇ ಎತ್ತರಕ್ಕೆ ಇರಲಿಲ್ಲವೇನೋ. ಕಣ್ಣು ಮುಚ್ಚಿದರೆ ಸಮ ಎತ್ತರ, ಸಮ ಅಗಲದ ಎರಡು ಗೋಪುರಗಳು ಕಾಣುತ್ತವೆ, ನಡುವೆ ಕಮಾನಿನ ದೊಡ್ಡ ಬಾಗಿಲು. ಆದರೆ ಕಾಣುತ್ತಿರುವುದು ಕಟ್ಟಡವೋ, ನಾನು ಬರೆದ ನಕ್ಷೆಯೋ ಎಂದು ಅನುಮಾನ. ನಕ್ಷೆಯಲ್ಲಿ ಎರಡೂ ಒಂದೇ ಥರ ಇದ್ದವು. ತೊಂದರೆಯಾದದ್ದೇ ಅದರಿಂದ.

ಕಟ್ಟಡ ಇದ್ದದ್ದು ಡೆಟ್ರಾಯಿಟ್‌ನ ಪಶ್ಚಿಮ ಭಾಗದಲ್ಲಿ, ನಾನು ದಿನಾ ಕೆಲಸಕ್ಕೆ ಹೋಗುತ್ತಿದ್ದ ಡಿಯರ್‌ಬಾರ್ನ್‌ನ ಕಾರು ಕಾರ್ಖಾನೆಯಿಂದ ಐದಾರು ಮೈಲಿ. ಎಲ್ಲರೂ ಅದನ್ನು ಆರ್ಮರಿ ಎನ್ನುತ್ತಿದ್ದರು. ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದ್ದ ಕಲ್ಲುಕುಟಿಗರು, ಹಡಗಿನ ಬಡಗಿಗಳು ಸೇರಿ ಕಟ್ಟಿಕೊಂಡ ಒಂದು ರೆಜಿಮೆಂಟಿನ ಮನೆ ಅದು. ಬಂದೂಕು ಇಡುವುದಕ್ಕೆ, ವಾರಕ್ಕೊಮ್ಮೆ ಕವಾಯತು ಮಾಡುವುದಕ್ಕೆ, ಹಬ್ಬದ ದಿನ ಚೌಕಳಿ ಲಂಗ ಉಟ್ಟು ಚೀಲದ ಕೊಳಲು ಊದಿ ಕುಣಿಯುವುದಕ್ಕೆ ಕಟ್ಟಿದ್ದು. ಕೆಂಪು ಇಟ್ಟಿಗೆ, ಕಿಟಕಿಗಳ ಸುತ್ತ ಬೂದುಗಲ್ಲು, ಮೇಲೆ ನಮ್ಮ ಕೋಟೆಗಳಿಗೆ ಇರುವಂಥದೇ ತೆನೆಗಳು. ಬಾಗಿಲಿನ ನೆತ್ತಿಯ ಮೇಲೆ ಕಲ್ಲಿನಲ್ಲಿ ಒಂದು ಮುಳ್ಳುಹೂವು, ಸ್ಕಾಟ್ಲೆಂಡಿನವರ ಲಾಂಛನ. ಮೊದಲ ಸಲ ಅದನ್ನು ನೋಡಿ ನನ್ನ ಹೆಂಡತಿ, "ಇದೇನ್ರೀ, ರಸ್ತೆ ಪಕ್ಕದ ದತ್ತೂರೀನ ತಂದು ಬಾಗಿಲ ಮೇಲೆ ಕೆತ್ತಿದಾರೆ!" ಎಂದಿದ್ದಳು. ಮೂಲೆಗಲ್ಲಿನ ಮೇಲೆ ಇಸವಿ ಇತ್ತು. ಕೊನೆಯ ಎರಡು ಅಂಕಿ ಸವೆದುಹೋಗಿದ್ದವು.

ಒಳಗೆ ಬೇರೆಯದೇ ಕಟ್ಟಡ. ಹೊರಗಿನ ಕೋಟೆಯನ್ನು ದಾಟಿ ಹೋದರೆ ರೈಲ್ವೆ ಸ್ಟೇಷನ್ನಿನಂಥ ಹಾಲ್. ನೆಲದಿಂದಲೇ ಎದ್ದು ಮೇಲೆ ಬಾಗಿ ಕೂಡುವ ಕಬ್ಬಿಣದ ಕಮಾನುಗಳು, ಹದಿನಾಲ್ಕು. ಈ ಸಂಖ್ಯೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ, ಒಂದೊಂದರ ಬುಡವನ್ನೂ ಮುಟ್ಟಿ ಎಣಿಸಿದ್ದೇನೆ. ನಡುವೆ ಒಂದೂ ಕಂಬವಿಲ್ಲ. ಕವಾಯತಿಗೆ ಕಂಬ ಅಡ್ಡ ಬರಬಾರದಲ್ಲ. ನೆಲಕ್ಕೆ ಮೇಪಲ್ ಮರದ ಹಲಗೆ.

ಆ ನೆಲದಿಂದಲೇ ನಮಗೆ ಅಲ್ಲಿ ಜಾಗ ಸಿಕ್ಕಿದ್ದು. ಯುಗಾದಿಗೆಂದು ನಾವು ಒಂದಷ್ಟು ಕನ್ನಡ ಕುಟುಂಬಗಳು ಸೇರಿ ಆ ಹಾಲ್ ಹಿಡಿದಿದ್ದೆವು. ಕಟ್ಟಡದ ಉಸ್ತುವಾರಿಗೆ ಒಬ್ಬ ನಿವೃತ್ತ ಸಾರ್ಜೆಂಟ್ ಇದ್ದರು. ಅದೇ ರೆಜಿಮೆಂಟಿನವರು, ಹಿಂದೆ ಅದರಲ್ಲಿ ಕೊಳಲು ಊದುತ್ತಿದ್ದವರು, ಈಗ ಹಾಲ್‌ನ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬರೇ ವಾಸ. ಬೂಟುಗಾಲಲ್ಲಿ ಯಾರೂ ಹಲಗೆಯ ಮೇಲೆ ಬರಬಾರದು ಎಂದು ಹೇಳುವುದಕ್ಕೆ ಬಾಗಿಲಲ್ಲಿ ಕಾದು ನಿಂತಿದ್ದರು. ಹೇಳುವ ಮೊದಲೇ ನಾವೆಲ್ಲ ಚಪ್ಪಲಿ, ಶೂ ಬಿಟ್ಟು ಒಳಗೆ ಬಂದಿದ್ದೆವು. ಇಷ್ಟು ವರ್ಷದಲ್ಲಿ ಹೇಳಿಸಿಕೊಳ್ಳದೆ ಶೂ ಬಿಟ್ಟವರು ನೀವೇ ಮೊದಲು ಎಂದರು. ಆಮೇಲೆ ನನ್ನ ಹೆಂಡತಿಯ ಸೀರೆಯ ನೆರಿಗೆ ನೋಡಿ, ತಮ್ಮ ಲಂಗದ ನೆರಿಗೆಗೂ ಎಂಟು ಗಜ ಬಟ್ಟೆ ಬೇಕು ಎಂದು ಜಂಬದಿಂದ ಹೇಳಿಕೊಂಡರು.

"ಎಂಟೇನಾ? ನಮ್ಮಜ್ಜಿದು ಹದಿನೆಂಟು ಮೊಳ ಅಂತ ಹೇಳ್ರೀ ಅವರಿಗೆ," ಎಂದಳು.

ಹದಿನೆಂಟು ಮೊಳವೆಂದರೆ ಒಂಬತ್ತು ಗಜ ಎಂದು ನಾನು ಲೆಕ್ಕ ಹಾಕಿ ಹೇಳಿದೆ. ಸಾರ್ಜೆಂಟ್ ಎದೆಯ ಮೇಲೆ ಕೈಯಿಟ್ಟು ನನ್ನ ಹೆಂಡತಿಗೆ ತಲೆಬಾಗಿದರು. ಅಂದಿನಿಂದ ಪ್ರತಿ ಯುಗಾದಿಗೂ ಹಾಲ್ ನಮ್ಮದು.

ಹೀಗೆ ಬರೆದಾಗ ಎಲ್ಲವೂ ಸಲೀಸಾಗಿ ಕಾಣುತ್ತದೆ. ಸಲೀಸಾಗಿರಲಿಲ್ಲ. ಆ ಬೀದಿಯವರಿಗೆ ಕಟ್ಟಡ ಕಂಡರೆ ಆಗುತ್ತಿರಲಿಲ್ಲ. ಅರವತ್ತೇಳರ ಬೇಸಿಗೆಯಲ್ಲಿ ಪೊಲೀಸರಿಗೂ ಕರಿಯರಿಗೂ ಗಲಭೆಯಾಗಿ ಊರು ಹೊತ್ತಿ ಉರಿದಾಗ ಸೈನಿಕರು ಈ ಹಾಲ್‌ನಲ್ಲೇ ಮಲಗಿ, ಇದೇ ಬಾಗಿಲಿನಿಂದ ಬೀದಿಗೆ ಇಳಿದಿದ್ದರಂತೆ. ನಾನು ಅಮೆರಿಕಕ್ಕೆ ಬಂದದ್ದು ಅದರ ಮರುವರ್ಷ. ಆ ಬೀದಿಯಲ್ಲಿ ಸುಟ್ಟ ಅಂಗಡಿಗಳು ಹಾಗೇ ನಿಂತಿದ್ದನ್ನು ನೋಡಿಯೂ ಯಾಕೆ ಎಂದು ನಾನು ಬಹಳ ಕಾಲ ಕೇಳಲಿಲ್ಲ.

ಎಪ್ಪತ್ತರ ದಶಕದ ನಡುವೆ ಒಂದು ಚಳಿಗಾಲ ಸಾರ್ಜೆಂಟ್ ನನ್ನನ್ನು ಕರೆಸಿದರು. ನಗರಸಭೆ ಕಟ್ಟಡವನ್ನು ಕೆಡವಬೇಕೆಂದಿದೆ, ಬಲಗೋಪುರ ವಾಲಿದೆ ಎಂದು ನೋಟಿಸ್ ಕೊಟ್ಟಿದೆ, ಮುಂದಿನ ತಿಂಗಳು ಸಮಿತಿಯ ವಿಚಾರಣೆ. ಕಟ್ಟಡ ಗಟ್ಟಿಯಾಗಿದೆ ಎಂದು ತೋರಿಸುವುದಕ್ಕೆ ನಕ್ಷೆ ಬೇಕು. ಮೂಲ ನಕ್ಷೆಗಳು ನೆಲಮಾಳಿಗೆಗೆ ನೀರು ನುಗ್ಗಿದಾಗ ಹಾಳಾಗಿದ್ದವು. ರೆಜಿಮೆಂಟನ್ನು ಇನ್ನೊಂದು ಪಡೆಯೊಳಗೆ ಸೇರಿಸಿ ಆಗಲೇ ಎಷ್ಟೋ ವರ್ಷವಾಗಿತ್ತು.

"ಹೆಸರು ಹೋಯಿತು. ಬಾವುಟ ಮ್ಯೂಸಿಯಮ್ಮಿಗೆ ಹೋಯಿತು. ಉಳಿದಿರೋದು ಇಟ್ಟಿಗೆ ಮಾತ್ರ, ಎಂಜಿನಿಯರ್," ಎಂದರು. ನನ್ನನ್ನು ಅವರು ಎಂದೂ ಹೆಸರಿನಿಂದ ಕರೆಯಲಿಲ್ಲ. ತಾವು ಎಲ್ಲಿಗೆ ಹೋಗಬೇಕಾಗುತ್ತದೆ ಎಂಬುದನ್ನು ಹೇಳಲಿಲ್ಲ. ಹಿಂದಿನ ಕೋಣೆಯ ಬಾಗಿಲು ತೆರೆದಿತ್ತು. ಮಂಚ, ಕೆಟಲ್, ಗೋಡೆಗೆ ನೇತುಹಾಕಿದ ಚೀಲದ ಕೊಳಲು ಕಾಣುತ್ತಿದ್ದವು.

ಒಂದು ಶನಿವಾರ ನಾನೂ ನನ್ನ ಹೆಂಡತಿಯೂ ಅಳೆಯುವುದಕ್ಕೆ ಹೋದೆವು. ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹಾಲ್ ಅಳೆದೆವು. ಏಣಿ ಹತ್ತಿ ಕಮಾನುಗಳ ಮೊಳೆಗಳನ್ನು ಸುತ್ತಿಗೆಯಿಂದ ತಟ್ಟಿ ನೋಡಿದೆ. ಒಂದೂ ಅಲುಗಲಿಲ್ಲ. ಎಡಗೋಪುರದ ಒಳಗೆ ಹೋಗಿ ಗೋಡೆಯ ದಪ್ಪ, ಸುತ್ತಿಕೊಂಡು ಏರುವ ಮರದ ಮೆಟ್ಟಿಲು, ಮೇಲಿನ ತೆನೆಗಳು ಎಲ್ಲ ಬರೆದುಕೊಂಡೆ. ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ. ಬೆಳಕು ಇಳಿಯುತ್ತಿತ್ತು. ವಾಲಿದೆ ಎನ್ನುವ ಬಲಗೋಪುರ ಹೊರಗಿನಿಂದ ನೆಟ್ಟಗೇ ಕಂಡಿತು, ಬಾಗಿಲಿಗೆ ಬೀಗ. ಬೀಗದಕೈ ತರಲೇ ಎಂದು ಸಾರ್ಜೆಂಟ್ ಕೇಳಿದರೋ ಇಲ್ಲವೋ ನೆನಪಿಲ್ಲ. ನಾನಂತೂ ಕೇಳಲಿಲ್ಲ.

ಇಲ್ಲಿ ನನ್ನ ಕೆಲಸದ ರೀತಿ ಹೇಳಬೇಕು. ಕಾರಿನ ಮೈಯ ನಕ್ಷೆಯನ್ನು ಯಾರೂ ಪೂರ್ತಿ ಬರೆಯುವುದಿಲ್ಲ. ನಟ್ಟನಡುವೆ ಒಂದು ಗೆರೆ ಎಳೆದು, ಎಡಬದಿಯನ್ನು ಮಾತ್ರ ಬರೆದು, ಕೆಳಗೆ 'ಬಲಬದಿ ಹೀಗೆಯೇ, ತಿರುಗಿಸಿ' ಎಂದು ಸೂಚಿಸಿದರೆ ಸಾಕು. ಅಷ್ಟು ವರ್ಷ ನಾನು ಬರೆದದ್ದು ಎಡಗಡೆಯ ಬಾಗಿಲುಗಳನ್ನು. ಬಲಗಡೆಯ ಒಂದು ಬಾಗಿಲನ್ನೂ ಬರೆದವನಲ್ಲ. ಆದರೂ ಕಾರುಗಳು ಎರಡೂ ಕಡೆ ಬಾಗಿಲಿಟ್ಟುಕೊಂಡೇ ರಸ್ತೆಗೆ ಬರುತ್ತಿದ್ದವು. ಮನೆಗೆ ಬಂದು ಊಟದ ಮೇಜಿನ ಮೇಲೆ ಹಾಳೆ ಹರಡಿ, ನಡುವೆ ಗೆರೆ ಎಳೆದು, ಎಡಗೋಪುರ ಬರೆದೆ. ಸಮಿತಿಯವರು ಕಾರು ಮಾಡುವವರಲ್ಲ, ಅವರಿಗೆ ಅರ್ಧ ಕಟ್ಟಡ ಕೊಟ್ಟರೆ ಆಗದು ಎಂದು ಹಾಳೆಯನ್ನು ಮಡಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು, ಬಲಗೋಪುರವನ್ನು ಮೂಡಿಸಿದೆ. ಮೆಟ್ಟಿಲು ಸಮೇತ.

ಇದರ ಬಗ್ಗೆ ಮನೆಯಲ್ಲಿ ಈಗಲೂ ಎರಡು ಕಥೆಗಳಿವೆ. ಚಳಿಗೆ ಕೈ ಮರಗಟ್ಟಿದೆ, ಪಕ್ಕದ ಮನೆಯಲ್ಲಿ ಬಿಟ್ಟ ಮಗಳನ್ನು ಕರೆತರಬೇಕು, ಹೊರಡೋಣ ಎಂದು ಅವಳೇ ಹೇಳಿದಳು ಎಂಬುದು ನನ್ನ ಕಥೆ.

"ಸುಳ್ಳು ಕಣ್ರೀ. ಆ ಕಡೆ ಅಳೀಬೇಡ್ವಾ ಅಂತ ನಾನೇ ಕೇಳ್ದೆ. ಅಳೆಯೋದೇನು, ಅದೂ ಹೀಗೇ ಇರುತ್ತೆ ಅಂದ್ರಿ. ಇವರ ಕಾರಿಗೆ ಎರಡು ಬದಿ ಒಂದೇ ಥರ ಅಂತ ಊರೆಲ್ಲ ಹಾಗೇ ಇರ್ಬೇಕು!"

ಅವಳ ಕಥೆಯಲ್ಲಿ ಟೇಪನ್ನು ಸುತ್ತಿದವನು ನಾನು. ನನ್ನದರಲ್ಲಿ ಅವಳು. ಎರಡನ್ನೂ ಪಕ್ಕಪಕ್ಕ ಇಟ್ಟಿದ್ದೇನೆ. ಮಡಿಸಿ ಒಂದು ಮಾಡುವುದಿಲ್ಲ.

ವಿಚಾರಣೆಯ ಹಿಂದಿನ ದಿನ ಸಾರ್ಜೆಂಟರಿಗೆ ಹಾಳೆಗಳನ್ನು ತೋರಿಸಿದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು. ಅವರ ಬೆರಳು ಬಲಗೋಪುರದ ಹತ್ತಿರ ನಿಂತಿತು. ಅಥವಾ ನಿಲ್ಲಲಿಲ್ಲ, ನಿಂತಿತ್ತು ಎಂದು ಆಮೇಲೆ ನಾನು ಸೇರಿಸಿಕೊಂಡಿರಬೇಕು. "ಚೆನ್ನಾಗಿದೆ," ಎಂದರು. ಇದು ಮಾತ್ರ ಖಚಿತ.

ಮರುದಿನ ಮಧ್ಯಾಹ್ನ ಅರ್ಧ ದಿನ ರಜೆ ಹಾಕಿ ಹೋದೆ. ನನ್ನ ಹೆಂಡತಿಯೂ ಬಂದಿದ್ದಳು. ಸಾರ್ಜೆಂಟ್ ಮುಂದಿನ ಸಾಲಿನಲ್ಲಿ, ಪದಕಗಳನ್ನು ಹಾಕಿಕೊಂಡು ಕೂತಿದ್ದರು. ನಗರಸಭೆಯ ಎಂಜಿನಿಯರ್ ನನ್ನ ಹಾಳೆಗಳನ್ನು ಮೇಜಿನ ಮೇಲೆ ಬಿಡಿಸಿ, ಮೊದಲು ಮೆಚ್ಚಿದ.

"ಗೆರೆಗಳು ತುಂಬ ಚೆನ್ನಾಗಿವೆ. ಬಲಗೋಪುರದಲ್ಲಿ ಮೆಟ್ಟಿಲು ತೋರಿಸಿದ್ದೀರಿ."

"ಹೌದು."

"ಅಲ್ಲಿ ಮೆಟ್ಟಿಲಿಲ್ಲ. ಹೋದ ವಾರ ನಾನೇ ಒಳಗೆ ಹೋಗಿದ್ದೆ. ಯಾವಾಗಲೋ ಬೆಂಕಿ ಬಿದ್ದು ಒಳಗೆಲ್ಲ ಸುಟ್ಟುಹೋಗಿದೆ. ಆಮೇಲೆ ಹೊರಗೆ ಮಾತ್ರ ಒಂದು ಸುತ್ತು ಇಟ್ಟಿಗೆ ಕಟ್ಟಿ, ಕಬ್ಬಿಣದ ಸರಳು ಬಿಗಿದು ನಿಲ್ಲಿಸಿದ್ದಾರೆ. ಟೊಳ್ಳು. ನೀವು ಒಳಗೆ ಹೋಗಿದ್ದಿರಾ?"

"ಇಲ್ಲ."

"ಕಮಾನುಗಳನ್ನಾದರೂ ಹತ್ತಿ ನೋಡಿದ್ದೀರೋ, ಅಥವಾ ಅದೂ ಹೀಗೇನೋ?"

ಯಾರೋ ನಕ್ಕರು. ಹದಿನಾಲ್ಕನ್ನೂ ನೋಡಿದ್ದೇನೆ, ಒಂದು ಮೊಳೆಯೂ ಸಡಿಲವಿಲ್ಲ ಎಂದೆ. ನಿಜವನ್ನೇ ಹೇಳಿದ್ದೆ. ಸಮಿತಿಯ ನಡಾವಳಿ ಬರೆದುಕೊಳ್ಳುತ್ತಿದ್ದ ಹೆಂಗಸು ಆಗಲೇ ಪೆನ್ನು ಕೆಳಗಿಟ್ಟಿದ್ದಳು. ನಗರಸಭೆಯವನು ಉಳಿದ ಹಾಳೆಗಳನ್ನು ನೋಡದೆ ಸುರುಳಿ ಸುತ್ತಿ ನನ್ನ ಕಡೆ ತಳ್ಳಿದ.

ಆಮೇಲೆ ಬೀದಿಯವರ ಸರದಿ. ಕಟ್ಟಡದ ಎದುರು ಮನೆಯ ವಯಸ್ಸಾದ ಕರಿಯ ಹೆಂಗಸೊಬ್ಬರು ಎದ್ದು ನಿಂತರು. ಹ್ಯಾಟ್ ತೊಟ್ಟು, ಚರ್ಚಿಗೆ ಬಂದಂತೆ ಬಂದಿದ್ದರು. "ಆ ಬಾಗಿಲಿಂದ ಟ್ಯಾಂಕ್ ಬಂದದ್ದನ್ನು ನನ್ನ ಅಡುಗೆಮನೆ ಕಿಟಕಿಯಿಂದ ನೋಡಿದ್ದೇನೆ. ಗೋಪುರದೊಳಗೆ ಮೆಟ್ಟಿಲಿದ್ದರೆ ನನಗೇನು, ಇಲ್ಲದಿದ್ದರೆ ನನಗೇನು," ಎಂದು ಹೇಳಿ ಕೂತರು. ಸಾರ್ಜೆಂಟ್ ಅವರ ಕಡೆ ತಿರುಗಿ ನೋಡಿದರು. ಇಬ್ಬರೂ ಅಷ್ಟು ವರ್ಷ ಎದುರುಬದುರು ಇದ್ದವರು. ಮಾತಾಡಿದ್ದರೋ ಇಲ್ಲವೋ ತಿಳಿಯದು.

ಸಮಿತಿ ಕೈಯೆತ್ತಿ ಮತ ಹಾಕಿತು. ಕೆಡವುವುದೆಂದು ಆಯಿತು.

ಹೊರಗೆ ನಗರಸಭೆಯ ಮೆಟ್ಟಿಲ ಮೇಲೆ ನಾನು ಕ್ಷಮೆ ಕೇಳಿದೆ. ಸಾರ್ಜೆಂಟ್ ನನ್ನ ಕಂಕುಳಿನಿಂದ ಸುರುಳಿಯನ್ನು ತೆಗೆದುಕೊಂಡು, "ಇದು ನನಗಿರಲಿ, ಎಂಜಿನಿಯರ್. ಹುಡುಗನಾಗಿದ್ದಾಗ ನಾನು ಹತ್ತಿ ನಿಂತು ಕೊಳಲು ಊದುತ್ತಿದ್ದದ್ದು ಆ ಮೆಟ್ಟಿಲೇ," ಎಂದರು. ಬೆಂಕಿಗೆ ಮೊದಲು ಅಲ್ಲಿ ಮೆಟ್ಟಿಲಿತ್ತು, ನನ್ನ ನಕ್ಷೆ ಅವರ ಹಳೆಯ ಗೋಪುರವನ್ನೇ ತೋರಿಸಿತ್ತು ಎಂದು ಇದರ ಅರ್ಥ. ತಪ್ಪು ಮಾಡಿದವನಿಗೆ ಬಹಳ ಅನುಕೂಲವಾದ ಮಾತು. ಅದಕ್ಕೇ ಇದನ್ನು ನಂಬುವುದಿಲ್ಲ. ಪಕ್ಕದಲ್ಲೇ ನಿಂತಿದ್ದ ನನ್ನ ಹೆಂಡತಿ ಇಂಥ ಮಾತು ಕೇಳಿಲ್ಲವಂತೆ. "ಅವರು ಬಾಯೇ ಬಿಡ್ಲಿಲ್ಲ. ಸುರುಳಿ ಇಸ್ಕೊಂಡ್ರು, ನನಗೆ ತಲೆಬಾಗಿದ್ರು, ಹೋದ್ರು." ಸುರುಳಿ ತೆಗೆದುಕೊಂಡದ್ದು ಎರಡು ಕಥೆಗಳಲ್ಲೂ ಇದೆ. ಅಷ್ಟು ನಿಜವಿರಬೇಕು.

ಮುಂದಿನ ಯುಗಾದಿ ಒಂದು ಶಾಲೆಯ ಕೆಫೆಟೀರಿಯಾದಲ್ಲಿ ನಡೆಯಿತು. ಎಲ್ಲರೂ ಶೂ ಹಾಕಿಕೊಂಡೇ ಹೋಳಿಗೆ ತಿಂದರು. ಆ ದಶಕ ಮುಗಿಯುವ ಮೊದಲು ನಾವು ಶಿಕಾಗೋ ಕಡೆಗೆ ಬಂದೆವು, ಮೊದಲು ವೆಸ್ಟ್‌ಮಂಟ್, ಈಗ ವುಡ್‌ರಿಡ್ಜ್. ಹಳೆಯ ಸ್ನೇಹಿತರ ಮದುವೆ, ಮುಂಜಿ ಎಂದು ಡೆಟ್ರಾಯಿಟ್‌ಗೆ ಎಷ್ಟೋ ಸಲ ಡ್ರೈವ್ ಮಾಡಿದ್ದೇನೆ. ಹೆದ್ದಾರಿಯಿಂದ ಆ ಬೀದಿಗೆ ಇಳಿಯುವ ಎಕ್ಸಿಟ್ ಬರುವುದು ಗೊತ್ತಾಗುತ್ತದೆ. ತೆಗೆದುಕೊಂಡಿಲ್ಲ. ಪೂರ್ತಿ ಕೆಡವಿದರು ಎಂದು ಒಬ್ಬರು ಹೇಳಿದರು. ಬಲಗೋಪುರವನ್ನಷ್ಟೇ ಇಳಿಸಿ ಉಳಿದದ್ದನ್ನು ಗೋದಾಮು ಮಾಡಿಕೊಂಡಿದ್ದಾರೆ ಎಂದು ಇನ್ನೊಬ್ಬರು ಹೇಳಿದರು. ಅವರಿಬ್ಬರಲ್ಲಿ ಯಾರು ಹೋಗಿ ನೋಡಿದ್ದರು ಎಂದು ನಾನು ಕೇಳಲಿಲ್ಲ.

ಬೀಗ ತೆಗೆಸಿ, ಒಳಗೆ ಹೋಗಿ, ಮೆಟ್ಟಿಲಿಲ್ಲ ಎಂದು ಬರೆದಿದ್ದರೆ ಸಮಿತಿ ಉಳಿದ ಹಾಳೆಗಳನ್ನು ನೋಡುತ್ತಿತ್ತೋ ಏನೋ. ಎದುರುಮನೆಯ ಆ ಹೆಂಗಸಿನ ಮಾತಾದ ಮೇಲೂ ಅದರಿಂದ ಏನಾದರೂ ಬದಲಾಗುತ್ತಿತ್ತೋ ಗೊತ್ತಿಲ್ಲ. ಗೋಪುರ ಟೊಳ್ಳೆಂದು ಸಾರ್ಜೆಂಟರಿಗೆ ತಿಳಿದಿತ್ತೋ, ತಿಳಿದೂ ನನ್ನ ನಕ್ಷೆಗೆ ಚೆನ್ನಾಗಿದೆ ಎಂದರೋ ಗೊತ್ತಿಲ್ಲ. ಆ ಎರಡು ಕೋಣೆ ಬಿಟ್ಟು ಅವರು ಎಲ್ಲಿಗೆ ಹೋದರು ಎಂಬುದೂ ಗೊತ್ತಿಲ್ಲ.