ಮಗನನ್ನು ಕೇಳಿರಲಿಲ್ಲ

"ಮಾತ್ರೆ ಸ್ವಲ್ಪ ಸ್ಟ್ರಾಂಗು. ತುಟಿ ಒಡೆಯುತ್ತೆ, ಆಗಾಗ ರಕ್ತ ಪರೀಕ್ಷೆ ಮಾಡಿಸ್ಬೇಕು. ಮನಸ್ಸು ಮಂಕಾದ್ರೆ ತಕ್ಷಣ ಹೇಳ್ಬೇಕು," ಎಂದರು ತೀರ್ಥಹಳ್ಳಿಯ ಚರ್ಮದ ಡಾಕ್ಟರು. ಹೋದ ವರ್ಷದಂತೆ ಈ ಸಲವೂ ನಾನು, "ಬೇಡ ಡಾಕ್ಟ್ರೇ, ವಯಸ್ಸಿನ ಮೊಡವೆ, ತಾನಾಗೇ ಹೋಗುತ್ತೆ. ಗಂಡು ಹುಡುಗ ತಾನೇ," ಎಂದೆ.

ಅವರು ಪಿಯುಸಿ ಓದುವ ನನ್ನ ಮಗನನ್ನೇ ಕೇಳಿದರು. ಅವನು ನೆಲ ನೋಡುತ್ತಾ, "ಅಮ್ಮ, ನಾನು ಕಾಲೇಜಲ್ಲಿ ಊಟ ಮಾಡಲ್ಲ. ಮಾಸ್ಕ್ ತೆಗೀಬೇಕಾಗುತ್ತೆ," ಎಂದ. ದಿನಾ ನಾನು ಕಟ್ಟಿಕೊಡುತ್ತಿದ್ದ ಡಬ್ಬಿ ಗೆಳೆಯರ ಪಾಲಾಗುತ್ತಿತ್ತಂತೆ. ಮಾತ್ರೆಗೆ ಒಪ್ಪಿದೆ.

ಈಗ ಮೊಡವೆ ಹೋಗಿದೆ. ಕೆನ್ನೆಯ ಮೇಲೆ ಹಳ್ಳ ಬಿದ್ದ ಕಲೆಗಳು ಉಳಿದಿವೆ. ಹೋದ ವರ್ಷವೇ ಶುರು ಮಾಡಿದ್ದರೆ ಇಷ್ಟಾಗುತ್ತಿರಲಿಲ್ಲ ಎಂದರು ಡಾಕ್ಟರು. ಮಗ ಒಮ್ಮೆಯೂ ಆ ಮಾತು ಎತ್ತಿಲ್ಲ. ಅದೇ ನನಗೆ ಹೆಚ್ಚು ನೋವು.